ಪಾಳಿ ಬಿಟ್ಟ ಮನೆ

೧೯೮೮ರ ಫೆಬ್ರವರಿಯ ಒಂದು ಮಂಗಳವಾರ, ಕಂಪ್ಲಿಯ ಈಚೆಗಿರುವ ಒಂದು ಹಳ್ಳಿಯಲ್ಲಿ, ನನ್ನ ಸೋದರಮಾವ ವೀರಭದ್ರಪ್ಪ ಕಾಲುವೆ ನೀರಿನ ತಮ್ಮ ಪಾಳಿಯನ್ನು ಬೇಡವೆಂದು ಬಿಟ್ಟರು. ಮಧ್ಯಾಹ್ನದೊಳಗೆ ನೆರೆಹೊಲದವರ ಮನೆಯಿಂದ ಅವರ ಮನೆಗೆ ಸಾವಿನ ಬುತ್ತಿ ಬಂತು. ಮನೆಯಲ್ಲಿ ಯಾರೂ ಸತ್ತಿರಲಿಲ್ಲ.

ಇದನ್ನು ಈಗ ನೆನೆಯಲು ಕಾರಣ, ಹೊಸಪೇಟೆಯ ನಮ್ಮ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಣಹಾಕಲು ಕಟ್ಟಿರುವ ಹಗ್ಗ. ಹಗ್ಗ ಎನ್ನುವುದು ರೂಢಿಯಿಂದ ಅಷ್ಟೇ. ಅದು ಕಿರುಬೆರಳ ದಪ್ಪದ ಒಂದು ಕಪ್ಪು ಪೈಪು. ಮೊಳಕ್ಕೊಂದರಂತೆ ಅದಕ್ಕೆ ತೂತುಗಳಿವೆ. ಗೋಡೆಯ ಕಡೆಯ ತುದಿ ಸ್ವಲ್ಪ ಎತ್ತರದಲ್ಲಿದ್ದು, ಚಾವಣಿಯ ನೀರು ನೇರವಾಗಿ ಅದರ ಬಾಯೊಳಗೆ ಬೀಳುತ್ತದೆ. ಹೀಗಾಗಿ ಮಳೆ ನಿಂತು ಬಿಸಿಲು ಬಂದ ಮೇಲೂ ಪೈಪು ತನ್ನ ಪಾಡಿಗೆ ತಾನು ತೊಟ್ಟಿಕ್ಕುತ್ತಿರುತ್ತದೆ. ಹೋದ ವಾರ ನನ್ನ ಹೆಂಡತಿ ನನ್ನ ಅಂಗಿಯ ಭುಜದ ಮೇಲಿನ ಒದ್ದೆ ಗುರುತು ತೋರಿಸಿ, “ಊರಿಗೆಲ್ಲ ಮಳಿ ನಿಂತು ತಾಸಾತು, ನಿಮ್ಮ ಮಾವಾರ ಮಳಿ ಇನ್ನೂ ನಿಂತಿಲ್ಲ ನೋಡ್ರಿ,” ಎಂದಳು. ಹಿಂದೊಮ್ಮೆ ಅವಳ ಇಂಥದೇ ಮಾತಿಗೆ ಕಟ್ಟುಬಿದ್ದು ನಾನು ನೈಲಾನ್ ಹಗ್ಗ ತಂದಿಟ್ಟು ಬಹಳ ದಿನವಾಗಿತ್ತು. ಅದು ಪ್ಲಾಸ್ಟಿಕ್ ಕವರಿನಲ್ಲೇ ಕಪಾಟಿನ ಮೇಲೆ ಕುಳಿತಿತ್ತು. ಪೈಪನ್ನು ಬಿಚ್ಚಲೆಂದು ಸ್ಟೂಲ್ ಹತ್ತಿದವನು, ಅದರ ತೂತಿನಿಂದ ಒಂದು ಹನಿ ದಪ್ಪಗಾಗಿ, ಜೋತು, ಬೀಳಬೇಕೋ ಬೇಡವೋ ಎಂದು ಯೋಚಿಸಿ ಬಿದ್ದದ್ದನ್ನು ನೋಡಿದೆ. ಆಮೇಲೆ ಸ್ಟೂಲಿನ ಮೇಲೆಯೇ ನಿಂತಿದ್ದೆ.

ನೀವು ಹೊಸಪೇಟೆಯಿಂದ ಕಮಲಾಪುರದ ಮೇಲೆ ಕಂಪ್ಲಿಗೆ ಬಸ್ಸಿನಲ್ಲಿ ಹೋಗಿದ್ದರೆ ಆ ದಾರಿ ನಿಮಗೆ ಗೊತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬಾಳೆ. ಬಂಡೆ ಮುಗಿದಲ್ಲಿ ಕಬ್ಬು, ಕಬ್ಬು ಮುಗಿದಲ್ಲಿ ಭತ್ತ. ನಾನು ಹೇಳುತ್ತಿರುವ ಕಾಲದಲ್ಲಿ ಆ ಊರುಗಳಲ್ಲಿ ಮನೆಗೆ ಬಂದ ನೆಂಟರಿಗೆ ಮೊದಲು ಚಹಾ, ಆಮೇಲೆ ಹೊಲ ತೋರಿಸುವುದು ಪದ್ಧತಿಯಾಗಿತ್ತು. ಹೊಲದಲ್ಲಿ ಬೆಳೆ ತೋರಿಸುತ್ತಿರಲಿಲ್ಲ, ನೀರು ತೋರಿಸುತ್ತಿದ್ದರು. ನೆಂಟನ ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡರೆ ಮನೆಯವರಿಗೆ ಸಮಾಧಾನ. ಭತ್ತಕ್ಕೆ ಹೇಗೋ ತರಕಾರಿಗೂ ಹಾಗೆಯೇ. ಪಾಳಿ ಬಂದಾಗ ಬದು ಒಡೆದು ನೀರು ತಿರುಗಿಸಿ, ಬೇವಿನ ಮರದ ಕೆಳಗೆ ಹೋಗಿ ಕೂರುವುದು. ನೀರು ಹೊಲವನ್ನು ದಾಟಿ ಆಚೆ ಬದುವಿನ ಮೇಲೆ ಹರಿದಾಗ ಎದ್ದು ಬಂದು ಮುಚ್ಚುವುದು. ಬದನೆ, ಟೊಮೆಟೊ, ಮೆಣಸಿನಕಾಯಿ ಗಿಡಗಳು ಅಷ್ಟು ಹೊತ್ತೂ ಮೊಣಕಾಲುದ್ದ ನೀರಿನಲ್ಲಿ ನಿಂತಿರುತ್ತಿದ್ದವು. ಅವುಗಳಿಗೆ ಈಜು ಕಲಿಸುವ ಯೋಜನೆ ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ, ಮಾವನ ಹೊಲಕ್ಕೆ ಅಂಟಿದ ಕೆಳಹೊಲದ ಕಲ್ಲಪ್ಪ ಒಮ್ಮೆ, ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ನನಗೆ ಹೇಳಿದ್ದ: “ನೀವು ಪೇಪರಿನೋರು ಹಾಳಿ ತುಂಬಸಂಗಿಲ್ಲೇನು? ಹಂಗ ನಾವು ಹೊಲ ತುಂಬಸ್ತೀವಿ.”

ಈ ವ್ಯವಸ್ಥೆಯನ್ನು ಒಪ್ಪದವರು ಆ ಊರಿನಲ್ಲಿ ಒಬ್ಬರೇ ಇದ್ದರು, ನನ್ನ ಅತ್ತೆ ಗಂಗಮ್ಮ. ಅವರ ತವರು ಸಂಡೂರಿನ ಆಚೆ ಚೋರನೂರು. ಅಲ್ಲಿ ಮಳೆ ಬಂದರೆ ಬೆಳೆ. ಬಾವಿ ನೀರನ್ನು ಕೊಡದಲ್ಲಿ ಹೊತ್ತು ತಂದು, ಚರಿಗೆಯಿಂದ ಒಂದೊಂದು ಗಿಡದ ಬುಡಕ್ಕೆ ಹಾಕಿ ಬದನೆ ಬೆಳೆಸಿದ ಮನೆತನ. ಮದುವೆಯಾಗಿ ಬಂದ ಹೊಸತರಲ್ಲಿ ಹೊಲದ ತುಂಬ ನಿಂತ ನೀರು ನೋಡಿ ಅವರು ಹೆದರಿ ಅತ್ತರಂತೆ; ಕೆರೆ ಒಡೆದಿದೆ ಎಂದುಕೊಂಡಿದ್ದರು. ಆಮೇಲಿನ ವರ್ಷಗಳಲ್ಲಿ ಅಳುವುದು ನಿಂತು ಕೇಳುವುದು ಶುರುವಾಯಿತು. ಮಾವ ಪಾಳಿ ಮುಗಿಸಿ ಸಲಿಕೆ ಹೊತ್ತು ಬಂದರೆ ಬಾಗಿಲಲ್ಲೇ ಪ್ರಶ್ನೆ: “ಇವತ್ತು ಗಿಡಕ್ಕ ಕುಡಿಸಿ ಬಂದ್ರೋ, ಮುಳುಗಿಸಿ ಬಂದ್ರೋ?”

ಅವರ ಪ್ರಶ್ನೆಗೆ ಮಣ್ಣೇ ಉತ್ತರ ಹೇಳತೊಡಗಿತು. ಹೊಲದ ತಗ್ಗಿನ ಭಾಗದಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪಿನಂಥ ಪೊರೆ ಕಟ್ಟಿತು. ಅದನ್ನು ಅಲ್ಲಿ ಸವುಳು ಎನ್ನುತ್ತಾರೆ. ನೀರು ಹೆಚ್ಚಾಗಿ ಮಣ್ಣೊಳಗಿನ ಉಪ್ಪು ಮೇಲೆ ಬರುವುದು. ಬದನೆ ಬೇರು ಕೊಳೆಯಿತು, ಟೊಮೆಟೊ ಎಲೆ ಹಳದಿಯಾಯಿತು. ಪ್ರತಿ ವರ್ಷ ಆ ಬಿಳಿ ಬಣ್ಣ ಒಂದಿಷ್ಟು ಮೇಲಕ್ಕೆ ತೆವಳಿತು. ಮಾವ ಒಂದು ಸಂಜೆ ಆ ಮಣ್ಣನ್ನು ಚೂರು ನಾಲಿಗೆಗೆ ಹಚ್ಚಿ ನೋಡಿ, ನೇರ ಮನೆಗೆ ಬಂದು, ಹೆಂಡತಿಯನ್ನು ಕೇಳಿದರಂತೆ: “ನಿಮ್ಮೂರಾಗ ಒಂದು ಬದನಿಗಿಡಕ್ಕ ಎಷ್ಟು ಚರಿಗಿ ಹಾಕ್ತಿದ್ರಿ?”

ಮೊದಲು ಅವರು ಸಾಲು ಬಿಟ್ಟು ಸಾಲಿಗೆ ನೀರು ಬಿಟ್ಟು ನೋಡಿದರು. ಒಂದು ವಾರ ಈ ಸಾಲು, ಮುಂದಿನ ವಾರ ಅದರ ಪಕ್ಕದ್ದು. ಗಿಡದ ಬುಡಕ್ಕೆ ಭತ್ತದ ಹುಲ್ಲು ಹಾಸಿದರು. ಮಣ್ಣಿನ ತಂಪು ಹೋಗದಿರಲೆಂದು. ಹುಲ್ಲನ್ನು ಎಮ್ಮೆ ಬಂದು ತಿಂದಿತು, ಹೋಗುವಾಗ ಗಿಡವನ್ನೂ ತಿಂದಿತು. ಆಮೇಲೆ ಹೊಸಪೇಟೆಯಲ್ಲಿ ರೈತರಿಗೆಂದು ನಡೆದ ಒಂದು ಪ್ರದರ್ಶನದಲ್ಲಿ ಹನಿ ನೀರಾವರಿ ನೋಡಿ ಬಂದರು. ನೋಡಿದ್ದನ್ನು ಹಾಗೇ ಕೊಳ್ಳುವ ಬದಲು ತಾವೇ ಮಾಡುವುದೆಂದು ನಿರ್ಧರಿಸಿದರು. ಹೊಲದ ಎತ್ತರದ ಮೂಲೆಯಲ್ಲಿ ಒಂದು ಹೊಂಡ ತೋಡಿಸಿದರು. ಯಶವಂತನಗರದಿಂದ ಅದಿರು ಲಾರಿಯಲ್ಲಿ ಎಣ್ಣೆಯ ಖಾಲಿ ಡ್ರಮ್ಮುಗಳು ಬಂದವು. ಅವನ್ನು ಶೀಗೆಕಾಯಿ ಹಾಕಿ ತೊಳೆದದ್ದು ಅತ್ತೆ. ಆದರೂ ಮೊದಲ ಕೊಯ್ಲಿನ ಬದನೆಕಾಯಿಯಿಂದ ಲಾರಿಯ ವಾಸನೆ ಬರುತ್ತಿತ್ತು ಎಂದು ಅವರು ಕೊನೆಯವರೆಗೂ ವಾದಿಸಿದರು. ಡ್ರಮ್ಮುಗಳನ್ನು ಹೊಂಡದ ಪಕ್ಕ ಕಟ್ಟಿದ ಮರದ ಅಟ್ಟದ ಮೇಲೆ ಕೂರಿಸಿ, ಹೊಂಡದಿಂದ ನೀರೆತ್ತಿ ತುಂಬಿಸಿ, ಅಲ್ಲಿಂದ ಕಪ್ಪು ಪೈಪುಗಳನ್ನು ಸಾಲುಸಾಲಿಗೆ ಎಳೆದರು. ದಬ್ಬಣ ಕಾಯಿಸಿ ಗಿಡಕ್ಕೊಂದು ತೂತು ಚುಚ್ಚಿದರು. ಕಾಲುವೆ ನೀರಿನ ರಾಡಿ ತೂತಿಗೆ ಕಟ್ಟಿಕೊಳ್ಳುತ್ತದೆಂದು ಡ್ರಮ್ಮಿನ ಬಾಯಿಗೆ ಅತ್ತೆಯ ಹಳೆಯ ಇಳಕಲ್ ಸೀರೆ ಕಟ್ಟಿದರು. ಇಷ್ಟಾಗಿಯೂ ಅಳಿಲು ಬಂದು ಪೈಪು ಕಡಿಯುತ್ತಿತ್ತು. ಡ್ರಮ್ಮಿನ ಹತ್ತಿರದ ಗಿಡಗಳು ಕುಡಿದು ಕೊಬ್ಬಿದರೆ ಕೊನೆಯ ಸಾಲಿನವು ಬಾಯಾರಿ ನಿಂತಿರುತ್ತಿದ್ದವು. ಮಾವ ದಿನವಿಡೀ ಮೊಣಕಾಲೂರಿ, ಬೆರಳಲ್ಲಿ ತೂತು ಒತ್ತಿ, ಬಾಯಿಂದ ಊದಿ, ಹನಿಗೆ ದಾರಿ ಮಾಡಿಕೊಡುತ್ತಿದ್ದರು. ದೂರದಿಂದ ನೋಡಿದವರಿಗೆ ಅವರು ಪ್ರತಿ ಬದನೆಗಿಡಕ್ಕೂ ಗುಟ್ಟು ಹೇಳುತ್ತಿರುವಂತೆ ಕಾಣುತ್ತಿತ್ತು.

ಆದರೆ ಹನಿ ಬಿತ್ತು. ಬುಡ ಮಾತ್ರ ಒದ್ದೆ, ಉಳಿದ ನೆಲ ಒಣಗಿದ್ದು. ಒಂದು ಪಾಳಿಯಲ್ಲಿ ಹೊಂಡ ತುಂಬಿದರೆ ಎರಡು ವಾರ ಸಾಕಾಗುತ್ತಿತ್ತು. ಅಲ್ಲಿಂದ ತೊಂದರೆ ಶುರುವಾಯಿತು.

ತೊಂದರೆ ಏನೆಂದು ತಿಳಿಯಲು ನಿಮಗೆ ಆ ತೂಬಿನ ಕಾಯಿದೆ ಗೊತ್ತಿರಬೇಕು. ಕಾಯಿದೆಯನ್ನು ಯಾರೂ ಬರೆದಿರಲಿಲ್ಲ. ಹಾಗಾಗಿ ಯಾರೂ ತಿದ್ದುವಂತಿರಲಿಲ್ಲ. ಕಾಲುವೆಯಿಂದ ಹೊಲಗಳಿಗೆ ನೀರು ಹೋಗುವ ತೂಬಿನ ಹತ್ತಿರ ನೀರಗಂಟಿ ಹುಲುಗಪ್ಪ ಕೂರುತ್ತಿದ್ದ. ಯಾರ ಹೊಲಕ್ಕೆ ಯಾವಾಗ ನೀರು ಎಂದು ನೋಡುವ ಕೆಲಸ ಅವನದು. ಪ್ರತಿ ಮನೆಗೂ ವಾರಕ್ಕೊಂದು ಪಾಳಿ. ಮಾವನದು ಮಂಗಳವಾರ, ಹೊತ್ತು ಹುಟ್ಟಿದಾಗಿನಿಂದ ನೆತ್ತಿಗೆ ಬರುವವರೆಗೆ. ಪಾಳಿಯ ನೀರು ನಿಮ್ಮ ಹೊಲಕ್ಕೇ ಹರಿಯಬೇಕು. ಮಾರುವಂತಿಲ್ಲ, ದಾನ ಕೊಡುವಂತಿಲ್ಲ. ಬಿಟ್ಟರೆ ಪಾಳಿಯೇ ಹೋಯಿತು, ಕೆಳಹೊಲದವನ ಪಾಲಿಗೆ ಸೇರಿತು. ಇದಕ್ಕೆ ಇದ್ದ ವಿನಾಯಿತಿ ಒಂದೇ. ಮನೆಯಲ್ಲಿ ಸಾವಾದರೆ ಆ ದಿನದ ನೀರನ್ನು ಕೆಳಹೊಲದವನು ತೆಗೆದುಕೊಳ್ಳುತ್ತಾನೆ, ಸಾವಿನ ಮನೆಯವರು ಅಂದು ಒಲೆ ಹಚ್ಚುವುದಿಲ್ಲ, ನೀರು ತೆಗೆದುಕೊಂಡವನೇ ಅವರಿಗೆ ಬುತ್ತಿ ತರುತ್ತಾನೆ, ಮುಂದಿನ ವಾರ ಪಾಳಿ ಎಂದಿನಂತೆ ನಡೆಯುತ್ತದೆ. ಮಾವನ ಸ್ಥಿತಿ ನಿಮಗೀಗ ಅರ್ಥವಾಗಿರಬೇಕು. ನೀರು ತೆಗೆದುಕೊಂಡರೆ ಹೊಂಡ ಉಕ್ಕಿ ಗಿಡ ಸಾಯುತ್ತದೆ, ಬಿಟ್ಟರೆ ಪಾಳಿ ಸಾಯುತ್ತದೆ. ಪಾಳಿ ಹೋದರೆ ಹೊಂಡಕ್ಕೆ ನೀರೆಲ್ಲಿಂದ? ಕಾಲುವೆ ಪಕ್ಕದಲ್ಲಿದ್ದುಕೊಂಡೇ ಹೊಲ ಚೋರನೂರಾಗುತ್ತಿತ್ತು.

ಆ ಮಂಗಳವಾರ ಹೊಂಡ ಇನ್ನೂ ಅರ್ಧ ತುಂಬಿತ್ತು. ಮಾವ ತೂಬಿಗೆ ಹೋಗಲಿಲ್ಲ. ಹುಲುಗಪ್ಪ ಸ್ವಲ್ಪ ಹೊತ್ತು ಕಾದು, ಕೆಳಹೊಲದ ಕಲ್ಲಪ್ಪನಿಗೆ ನೀರು ತಿರುಗಿಸಿದ. ಕಲ್ಲಪ್ಪ ತಲೆಯ ಟವಲ್ ತೆಗೆದು ಹೆಗಲಿಗೆ ಹಾಕಿಕೊಂಡು, ಹೆಂಡತಿಗೆ ಅನ್ನ ಮಾಡಲು ಹೇಳಿಕಳಿಸಿದ. ಕಂಪ್ಲಿ ಬಸ್ಸಿನ ಕಂಡಕ್ಟರ್ ಹೊಸಪೇಟೆಯ ನಮ್ಮ ಪತ್ರಿಕಾ ಕಚೇರಿಯ ಮುಂದೆ ಬಸ್ಸು ನಿಧಾನ ಮಾಡಿಸಿ, “ನಿಮ್ಮ ಮಾವಾರ ಮನಿ ಪಾಳಿ ಬಿಟ್ಟೈತಂತ್ರಿ, ಜಲ್ದಿ ಹೋಗ್ರಿ,” ಎಂದು ಕೂಗಿ ಹೋದ. ಸುದ್ದಿಯನ್ನು ಎರಡು ಮೂಲಗಳಿಂದ ಖಚಿತಪಡಿಸಿಕೊಳ್ಳಬೇಕೆಂದು ಹೊಸಬರಿಗೆ ಪಾಠ ಹೇಳುತ್ತಿದ್ದ ನಾನು ಒಂದೇ ಮೂಲವನ್ನು ನಂಬಿ ಹೂವಿನಂಗಡಿಗೆ ಹೋದೆ.

ಊರು ಮುಟ್ಟಿದಾಗ ಮಾವ ಕಟ್ಟೆಯ ಮೇಲೆ ಕುಳಿತು, ಬಾಳೆಲೆಯಲ್ಲಿ ಅನ್ನ ಬೇಳೆಸಾರು ಉಣ್ಣುತ್ತಿದ್ದರು. ಪಕ್ಕದಲ್ಲಿ ಕಲ್ಲಪ್ಪ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ.

“ಬಾರಲೇ ಅಳಿಯ. ಹಾರ ಯಾರಿಗೆ?” ಎಂದರು ಮಾವ.

“ಹಂಪಿಗೆ ಹೊಂಟಿದ್ದೆ,” ಎಂದೆ.

“ಹಂಪಿ ಹಿಂದ ಬಿಟ್ಟು ಇಷ್ಟು ದೂರ ಬಂದಿ. ದೇವರು ಈ ಕಡಿ ಬಂದಾನೇನು?”

“ಅವಂಗ್ಯಾಕ ಅಂತೀಯೋ ಈರಣ್ಣ,” ಎಂದ ಕಲ್ಲಪ್ಪ. ಅವನಿಗೆ ಮಾವ ಈರಣ್ಣನೇ. “ನಾನೂ ಅತಗೊಂತನ ಬಂದೆ. ಬಂದು ನೋಡಿದ್ರ ನೀನ ಬಾಗಿಲು ತಗದಿ. ಅತ್ತದ್ದು ಎಲ್ಲಿ ಇಡ್ಲಿ ನಾನು?”

ಊಟವಾದ ಮೇಲೆ ನಾವೆಲ್ಲ ತೂಬಿನ ಹತ್ತಿರದ ಹುಣಸೆಮರದ ಕೆಳಗೆ ಹೋದೆವು. ಹುಲುಗಪ್ಪ ಎದ್ದು ನಿಂತು ಮಾವನಿಗೆ ನಮಸ್ಕಾರ ಮಾಡಿ, ಅವರ ಬೆನ್ನ ಹಿಂದೆ ನೋಡಿದ. ಇನ್ನೂ ಯಾರಾದರೂ ಬರುವವರಿದ್ದಾರೆಯೇ ಎಂಬಂತೆ.

“ಸತ್ತೋರು ಯಾರ್ರಿ ಸಾವ್ಕಾರ್ರ?”

“ಯಾರೂ ಸತ್ತಿಲ್ಲೋ. ಹೊಂಡದಾಗ ನೀರೈತಿ. ಈ ವಾರ ಬ್ಯಾಡ, ಅಷ್ಟ.”

“ಬ್ಯಾಡ ಅಂದ್ರ?”

“ಬ್ಯಾಡ ಅಂದ್ರ ಬ್ಯಾಡ. ಸಾಕಾಗೈತಿ.”

ಹುಲುಗಪ್ಪ ತನ್ನ ತಲೆ ಮುಟ್ಟಿ ತೋರಿಸಿದ. “ಈ ತೂಬಿನ ಮ್ಯಾಲ ಕುಂತು ನನ್ನ ತಲಿ ಬೆಳ್ಳಗಾತು. ಬದುಕಿದ್ದೋರು ಯಾರೂ ನೀರು ಬ್ಯಾಡ ಅಂದಿಲ್ರಿ. ಸತ್ತೋರು ಇಲ್ಲ ಅಂದ್ರ ಪಾಳಿ ಕಲ್ಲಪ್ಪಗ ಹೋತು. ನಾ ಏನು ಮಾಡ್ಲಿ?”

“ಕಲ್ಲಪ್ಪ, ನೀನರ ಹೇಳೋ,” ಎಂದರು ಮಾವ.

ಕಲ್ಲಪ್ಪ ನೆಲ ನೋಡಿದ. ಅವನೂ ಮಾವನೂ ಒಂದೇ ಗರಡಿಯಲ್ಲಿ ಮಣ್ಣು ಹಚ್ಚಿಕೊಂಡವರು. “ಕೇಳಾಕ ನನಗ ಬಾಯಿಲ್ಲ. ಕೊಟ್ರ ಒಲ್ಲೆ ಅನ್ನಾಕೂ ಬಾಯಿಲ್ಲ. ನನ್ನ ಕಬ್ಬು ನೋಡೀಯಲ್ಲ, ಕೊನೀ ಮಡಿಗೆ ನೀರು ಮುಟ್ಟಿ ಎಷ್ಟು ದಿನ ಆತು.”

“ಹಂಗಾದ್ರ ನೀರು ತಗೊಂಡು ನನ್ನ ಬದನಿ ಕೊಳಸಬೇಕೇನು?”

“ಕೊಳಸ್ರಿ,” ಎಂದ ಹುಲುಗಪ್ಪ, ಯಾವ ದ್ವೇಷವೂ ಇಲ್ಲದೆ. “ನಿಮ್ಮ ನೀರು, ನಿಮ್ಮ ಬದನಿ.”

ಮಾವ ತೂಬನ್ನು ನೋಡಿದರು, ದೂರದಲ್ಲಿ ಅಟ್ಟದ ಮೇಲೆ ಕುಳಿತ ಡ್ರಮ್ಮುಗಳನ್ನು ನೋಡಿದರು. ಆಗ ಹಿಂದಿನಿಂದ ಅತ್ತೆಯ ದನಿ ಬಂತು. ಅವರು ಯಾವಾಗ ಬಂದು ನಿಂತಿದ್ದರೋ ಗೊತ್ತಿಲ್ಲ.

“ಸತ್ತೋರ ಹೆಸರು ಬೇಕಲ್ಲ ನಿಮಗ? ಇವ್ರ ಸತ್ತಾರ ಅಂತ ತಿಳ್ಕೊರಿ. ಹೊತ್ತು ನೆತ್ತಿಗೆ ಬರೋ ತನಕ ಸತ್ತಿರ್ತಾರ. ಆಮ್ಯಾಲ ಉಣ್ಣಾಕ ಏಳ್ತಾರ.”

ಜನ ನಗುತ್ತಾರೆ ಎಂದುಕೊಂಡೆ. ಯಾರೂ ನಗಲಿಲ್ಲ. ಹುಲುಗಪ್ಪ ಹೊಗೆಸೊಪ್ಪನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದ.

“ಬುತ್ತಿ ಬಂದೈತಿ?”

“ಬಂದೈತಿ,” ಎಂದ ಕಲ್ಲಪ್ಪ. “ಅನ್ನ, ಬ್ಯಾಳಿಸಾರು.”

“ಒಲಿ ಹಚ್ಚೀರೇನ್ರಿ ಅಕ್ಕಾರ?”

“ಬುತ್ತಿ ಬಂದ ಮ್ಯಾಲ ಯಾಕ ಹಚ್ಚಲಿ?”

ಹುಲುಗಪ್ಪ ನನ್ನ ಕೈ ನೋಡಿದ. ಎಲ್ಲರೂ ನೋಡಿದರು. ಸೇವಂತಿಗೆ ಹಾರ ಇನ್ನೂ ನನ್ನ ಕೈಯಲ್ಲೇ ಇತ್ತು; ಎಲ್ಲಿಡಬೇಕೆಂದು ಗೊತ್ತಾಗಿರಲಿಲ್ಲ.

“ಹಾರನೂ ಬಂದೈತಿ,” ಎಂದ ಹುಲುಗಪ್ಪ. “ಎಲ್ಲಾ ಸರಿ ಐತಿ. ನಡಿತೈತಿ ಬಿಡ್ರಿ. ಮುಂದಿನ ವಾರ ನಿಮ್ಮ ಪಾಳಿ ನಿಮಗ.”

ಅತ್ತೆ ಮನೆಗೆ ಬಂದವರೇ, ತಾವು ಅಂಥ ಅಪಶಕುನದ ಮಾತಾಡಿದ್ದಕ್ಕೆ ಗಂಡನ ಬಾಯಿಗೆ ಒಂದು ಚೂರು ಬೆಲ್ಲ ಹಾಕಿದರು. ಹಾರವನ್ನು ಡ್ರಮ್ಮಿಗೆ ಹಾಕಿದೆವು. ಸಂಜೆ ನಾನು ಕಂಪ್ಲಿಯಿಂದ ಕಚೇರಿಗೆ ಫೋನ್ ಮಾಡಿ, ಇದರಲ್ಲಿ ಒಂದು ಸುದ್ದಿಯಿದೆ ಎಂದು ಡೆಸ್ಕಿನವರಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ ಹೇಳಿದರು: “ಒಂದ ಮಾತು ಹೇಳ್ರಿ. ಸತ್ತಿದ್ರ ನಿಧನದ ಕಾಲಮ್ಮು, ಇಲ್ಲಾಂದ್ರ ಕೃಷಿ ಪುಟ. ಯಾವುದಕ್ಕ ಹಾಕ್ಲಿ?” ಎರಡೂ ಎಂದೆ. ಸುದ್ದಿ ಯಾವುದರಲ್ಲೂ ಬರಲಿಲ್ಲ.

ಅಂದಿನಿಂದ ನನ್ನ ಮಾವ ಒಂದು ಮಂಗಳವಾರ ಬಿಟ್ಟು ಒಂದು ಮಂಗಳವಾರ ಸಾಯುತ್ತಾ ಬಂದರು. ಮೊದಮೊದಲು ಇದನ್ನು ಅವರು ತಮಾಷೆಯಾಗಿ ತೆಗೆದುಕೊಂಡಿದ್ದರು. ಊರು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಸತ್ತ ಹೊತ್ತಿನಲ್ಲಿ ಅವರು ಕಾಲುವೆಯ ಏರಿಯ ಮೇಲೆ ಬರಬಾರದು, ತೂಬಿನ ಕಡೆ ಕೂಗಬಾರದು ಎಂದಾಯಿತು. ಹೊಲದಲ್ಲಿ ಪೈಪು ಊದುತ್ತಾ ಕೂತಿದ್ದು ಕಣ್ಣಿಗೆ ಬಿದ್ದರೆ ಹುಲುಗಪ್ಪ ಮುಖ ಆ ಕಡೆ ತಿರುಗಿಸುತ್ತಿದ್ದ. ಯಾರೋ ಆಕ್ಷೇಪಿಸಿದಾಗ, “ಸತ್ತೋರು ಎಲ್ಲೆಲ್ಲಿ ಅಡ್ಡಾಡ್ತಾರ ಅಂತ ನೋಡೋದು ನನ್ನ ಕೆಲಸ ಅಲ್ಲ,” ಎಂದನಂತೆ. ಬುತ್ತಿಯ ವಿಷಯದಲ್ಲಿ ಮಾತ್ರ ಸುಧಾರಣೆ ಆಯಿತು. ಬೇಳೆಸಾರು ಸಾಕಾಗಿ ಮಾವ ಹಿಂದಿನ ದಿನವೇ ತಮ್ಮ ಹೊಲದ ಎಳೆ ಬದನೆಕಾಯಿಗಳನ್ನು ಕಲ್ಲಪ್ಪನ ಮನೆಗೆ ಕಳಿಸತೊಡಗಿದರು. ಮರುದಿನ ಅವು ಎಣ್ಣೆಗಾಯಿಯಾಗಿ ಜೋಳದ ರೊಟ್ಟಿಯ ಜೊತೆ ವಾಪಸು ಬರುತ್ತಿದ್ದವು. ಕಲ್ಲಪ್ಪ ಬುತ್ತಿ ಇಳಿಸಿ, ಪದ್ಧತಿ ಪ್ರಕಾರ ಒಂದು ನಿಟ್ಟುಸಿರು ಬಿಟ್ಟು, “ಭಾಳ ಛಲೋ ಮನಿಷ್ಯಾ ಇದ್ದ,” ಎನ್ನುತ್ತಿದ್ದ. ಮಾವ ರೊಟ್ಟಿ ಮುರಿಯುತ್ತಾ, “ಇನ್ನೊಂಚೂರು ಹೇಳಲೇ,” ಎನ್ನುತ್ತಿದ್ದರು.

ಒಮ್ಮೆ ಕೃಷಿ ಇಲಾಖೆಯ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಕಾಲುವೆ ಅಂಚಿನಲ್ಲಿ ಯಾರೋ ಸ್ವಂತವಾಗಿ ಹನಿ ನೀರಾವರಿ ಮಾಡಿದ್ದಾರೆ ಎಂದು ಕೇಳಿ, ಬೇರೆ ರೈತರಿಗೆ ತೋರಿಸುವ ಉದ್ದೇಶದಿಂದ. ಆ ದಿನ ನಾನು ಅಲ್ಲಿದ್ದೆ. ಜೀಪು ತೂಬಿನ ಬಳಿ ನಿಂತು, ವೀರಭದ್ರಪ್ಪನವರ ಮನೆ ಎಲ್ಲಿ ಎಂದು ಅವರು ಕೇಳಿದರು.

“ಅವ್ರು ಸತ್ತಾರ್ರಿ,” ಎಂದ ಹುಲುಗಪ್ಪ.

ಅಧಿಕಾರಿ ಟೋಪಿ ತೆಗೆದರು. “ಅಯ್ಯೋ. ಯಾವಾಗ?”

“ಮುಂಜಾನಿ. ಕುಂದ್ರಿ, ಹನ್ನೆರಡಕ್ಕ ಸಿಗ್ತಾರ.”

ಅವರು ಕುಳಿತರು. ಬಹುಶಃ ಶವದ ಮೆರವಣಿಗೆ ಹನ್ನೆರಡಕ್ಕೆ ಹೊರಡುತ್ತದೆಂದು ತಿಳಿದಿರಬೇಕು. ಹೊತ್ತು ನೆತ್ತಿಗೆ ಬಂದಾಗ ಮಾವ ಕೈ ಒರೆಸಿಕೊಳ್ಳುತ್ತಾ ಬಂದು ನಮಸ್ಕಾರ ಮಾಡಿದರು. ಅಧಿಕಾರಿ ಬಹಳ ಹೊತ್ತು ಪೈಪುಗಳನ್ನು ನೋಡಿದರು. ಇಳಕಲ್ ಸೀರೆಯನ್ನು ಮುಟ್ಟಿ ನೋಡಿದರು, ಕೊನೆಯ ಸಾಲಿಗೆ ನೀರು ಸಮನಾಗಿ ಹೋಗಲು ಅಟ್ಟ ಇನ್ನೂ ಎತ್ತರ ಬೇಕೆಂದು ಸರಿಯಾದ ಸಲಹೆ ಕೊಟ್ಟರು. ಸತ್ತ ವಿಷಯವನ್ನು ಮಾತ್ರ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಜೀಪು ಹತ್ತುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು, “ಈ ಕಡೆ ಹೀಗೆ ಆಗಾಗ ಆಗುತ್ತದೆಯೇ?” ಎಂದರು. ವಾರ ಬಿಟ್ಟು ವಾರ ಎಂದೆ.

ಅಟ್ಟ ಎತ್ತರವಾಯಿತು. ಕೊನೆಯ ಸಾಲೂ ಚೇತರಿಸಿಕೊಂಡಿತು. ಸವುಳಿನ ಬಿಳಿ ಪೊರೆ ಮಾಯವಾಗಲಿಲ್ಲ. ಇದ್ದಲ್ಲಿಯೇ ನಿಂತಿತು, ಒಂದೆರಡು ಮಳೆಗಾಲ ಕಳೆದ ಮೇಲೆ ಅಂಚಿನಲ್ಲಿ ಸ್ವಲ್ಪ ಹಿಂದೆ ಸರಿಯಿತು. ಅಂಚಿನಲ್ಲಿ ಬದನೆ ಹಾಕಿದರೆ ಬಂತು. ಕೆಳಗೆ ಕಲ್ಲಪ್ಪನ ಕೊನೆಯ ಮಡಿಯ ಕಬ್ಬಿಗೂ ನೀರು ಮುಟ್ಟಿತು. ಇದನ್ನು ನೋಡಿ ಇನ್ನೂ ಕೆಲವರು ಪೈಪು ಎಳೆದರು. ಅವರಿಗೂ ಸಾಯದೆ ಗತಿಯಿರಲಿಲ್ಲ. ತೊಂಬತ್ತರ ದಶಕ ಬಂದಾಗ ಆ ತೂಬಿನ ಕೆಳಗೆ ಸೋಮವಾರ ಒಬ್ಬರು, ಗುರುವಾರ ಒಬ್ಬರು, ಶನಿವಾರ ಅಣ್ಣತಮ್ಮಂದಿರು ಇಬ್ಬರೂ ಕೂಡಿ ಸಾಯುತ್ತಿದ್ದರು. ಹುಲುಗಪ್ಪ ನನ್ನ ಹತ್ತಿರ ಗೋಳು ಹೇಳಿಕೊಂಡ: “ಮದ್ಲು ಸತ್ತೋರನ್ನ ನೆನಪಿಟ್ಕೊಂಡ್ರ ಸಾಕಿತ್ತು. ಈಗ ಬದುಕಿರೋರು ಯಾರು ಅಂತ ನೆನಪಿಡಬೇಕಾಗೈತಿ.” ಪದ್ಧತಿಯನ್ನೇ ಬಿಟ್ಟು, ಬೇಡದವರು ಬೇಡ ಎನ್ನಬಹುದು ಎಂದು ಮಾಡಬಹುದಲ್ಲ ಎಂದು ಕೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ. “ಹಂಗ ಮಾಡಿದ್ರ ಬುತ್ತಿ ಯಾರು ತರ್ತಾರ್ರಿ?”

ತೊಂಬತ್ತರ ದಶಕ ಮುಗಿಯುತ್ತಿದ್ದಾಗಿನ ಒಂದು ಮಂಗಳವಾರ, ಬೆಳಗಿನ ಚಹಾ ಕುಡಿದು ಲೋಟ ಕೆಳಗಿಟ್ಟ ಮಾವ, ಸಲಿಕೆ ತರಲು ಎದ್ದು, ಮತ್ತೆ ಕುಳಿತು, ಹಾಗೆಯೇ ಗೋಡೆಗೆ ಒರಗಿದರು. ಅಂದು ಅವರು ನೀರು ತೆಗೆದುಕೊಳ್ಳುವ ವಾರ. ಹೊಂಡ ಬತ್ತಿತ್ತು. ಮಗಳು ಗಿರಿಜಾ ತೂಬಿಗೆ ಓಡಿದಳು. ಮುಂದಿನದನ್ನು ನನಗೆ ಹೇಳಿದವಳು ಅವಳೇ.

“ಕಾಕಾ, ನಮ್ಮ ಪಾಳಿ ಬಿಟ್ಟೀವಿ. ಅಪ್ಪ ಹೋದ.”

ಹುಲುಗಪ್ಪ ತಲೆಯೆತ್ತಲಿಲ್ಲ. “ಹೋದ ವಾರ ಹೋಗಿದ್ರಲ್ಲವ್ವ. ಈ ವಾರ ಬದುಕಿರೋ ಪಾಳಿ. ಬಾ ಅನ್ನು, ನೀರು ಬಂದೈತಿ.”

“ಇಲ್ಲ ಕಾಕಾ. ಈ ಸಲ ಖರೇನ.”

ಹುಲುಗಪ್ಪ ಎದ್ದು ನಿಂತ. ಕೆಳಗಿನ ಬದುವಿನ ಮೇಲೆ ಕಲ್ಲಪ್ಪ ಸಲಿಕೆ ಹಿಡಿದು ಕೇಳುತ್ತಿದ್ದ. ಕಾಯಿದೆ ಪ್ರಕಾರ ಆ ನೀರು ಅವನದು. ಆ ಬೇಸಿಗೆಯಲ್ಲಿ ಅವನ ಕಬ್ಬು ಸುರುಳಿ ಸುತ್ತಿಕೊಂಡು ನಿಂತಿತ್ತು. ಹುಲುಗಪ್ಪ ಅವನ ಕಡೆಗೆ ನೀರು ತಿರುಗಿಸಲು ಬಗ್ಗಿದಾಗ ಕಲ್ಲಪ್ಪ ಏರಿ ಹತ್ತಿ ಬಂದು ಕೈ ಹಿಡಿದ.

“ಹೋದ ವಾರದ್ದು ನಾ ತಗೊಂಡೀನಿ. ಒಂದ ಸಾವಿಗೆ ಎರಡು ಪಾಳಿ ತಗೊಳ್ಳಾಂಗಿಲ್ಲ ನಾನು.”

“ಅದು ಸುಳ್ಳು ಸಾವಲೇ ಕಲ್ಲಪ್ಪ.”

“ನೀನ ನಡಿತೈತಿ ಅಂದಿ. ನಾ ಬುತ್ತಿ ಹೊತ್ತೀನಿ. ಸುಳ್ಳು ಹೆಂಗಾಗ್ತೈತಿ? ಇವತ್ತು ಈರಣ್ಣನ ಪಾಳಿ. ಬಿಡು ನೀರು.”

ಹುಲುಗಪ್ಪ ಬಿಟ್ಟ. ಕಲ್ಲಪ್ಪ ಮಾವನ ಹೊಲಕ್ಕೆ ಹೋಗಿ, ಹೊಂಡದ ಬಾಯಿ ತೆಗೆದು, ಹೊತ್ತು ನೆತ್ತಿಗೆ ಬರುವವರೆಗೆ ಅಲ್ಲೇ ನಿಂತ. ಹೊಸಪೇಟೆಯಿಂದ ನಾನು ಹಾರ ಹಿಡಿದು ಬಂದಾಗ ಮನೆಯ ಮುಂದೆ ಜನ ಸೇರಿದ್ದರು. ಹಾರ ಯಾರಿಗೆ ಎಂದು ಯಾರೂ ಕೇಳಲಿಲ್ಲ. ಅತ್ತೆ ಮಾವನ ಪಕ್ಕದಲ್ಲಿ ಕುಳಿತಿದ್ದರು, ಬಿಸಿಲನ್ನೇ ನೋಡುತ್ತಾ. ಹನ್ನೆರಡಾದ ಮೇಲೆಯೂ ಬಹಳ ಹೊತ್ತು ಅವರು ಯಾರಿಗೂ ಮಾವನನ್ನು ಎತ್ತಲು ಬಿಡಲಿಲ್ಲ. ಕಲ್ಲಪ್ಪ ಕಾಲಿಗೆ ಕೆಸರು ಮೆತ್ತಿಕೊಂಡೇ ಬಂದ. ಒಂದು ಕೈಯಲ್ಲಿ ಬುತ್ತಿ ಇತ್ತು. ಅದನ್ನು ಕಟ್ಟೆಯ ಮೇಲಿಟ್ಟು, “ಹೊಂಡ ತುಂಬೈತಿ,” ಎಂದಷ್ಟೇ ಅತ್ತೆಗೆ ಹೇಳಿದ. ಎಂದಿನ ಮಾತು ಅವನ ಬಾಯಿಂದ ಬರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಗಿರಿಜಾ ಬುತ್ತಿ ಬಿಚ್ಚಿದಳು. ಅನ್ನ, ಬೇಳೆಸಾರು ಇತ್ತು.

ಕಾರ್ಯ ಮುಗಿಸಿ ಹೊರಟಾಗ ಅತ್ತೆ ನನಗೆ ಏನನ್ನಾದರೂ ಕೊಡಬೇಕೆಂದು ಮನೆಯೆಲ್ಲ ಹುಡುಕಿ, ಅಳಿಲು ಕಡಿದಿತ್ತೆಂದು ಬದಲಾಯಿಸಿದ್ದ ಪೈಪಿನ ಒಂದು ತುಂಡು ಸುತ್ತಿ ಕೊಟ್ಟರು. “ಅರಬಿ ಒಣಹಾಕಾಕ ಬರ್ತೈತಿ,” ಎಂದರು.

ಸ್ಟೂಲಿನಿಂದ ಇಳಿದೆ. ನೈಲಾನ್ ಹಗ್ಗದಿಂದ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಕಟ್ಟಿದೆ. ಅದಕ್ಕೆ ಅದು ಚೆನ್ನಾಗಿದೆ. ಮಾರುಕಟ್ಟೆಯಿಂದ ಬದನೆ ಸಸಿ ತಂದು, ಕುಂಡಗಳಲ್ಲಿ ನೆಟ್ಟು, ಪೈಪಿನ ತೂತುಗಳ ಕೆಳಗೆ ಸರಿಯಾಗಿ ಒಂದೊಂದು ಇಟ್ಟೆ. ನನ್ನ ಹೆಂಡತಿ ಬಂದು ನೋಡಿ, “ಇನ್ನ ಅಂಗಿ ಎಲ್ಲಿ ಹಾಕ್ಲಿ?” ಎಂದಳು. ತೂತಿನ ನಡುವೆ ಹಾಕು ಎಂದೆ. ಸಂಜೆ ಗಿರಿಜಾಗೆ ಫೋನ್ ಮಾಡಿ, ಬದನೆ ಗಿಡಕ್ಕೆ ದಿನಕ್ಕೆ ಎಷ್ಟು ಹನಿ ಸಾಕಾಗುತ್ತದೆ ಎಂದು ಕೇಳಿದೆ. ಹೊಲ ಈಗ ಅವಳದು. ತೂಬಿನಲ್ಲಿ ಹುಲುಗಪ್ಪನ ಜಾಗದಲ್ಲಿ ಅವನ ಮೊಮ್ಮಗ ಕೂರುತ್ತಾನೆ.

ಕಳೆದ ಮಂಗಳವಾರ ಗಿರಿಜಾ ಮಧ್ಯಾಹ್ನದವರೆಗೆ ಸತ್ತಿದ್ದಳು. ಕಲ್ಲಪ್ಪನ ಸೊಸೆ ರೊಟ್ಟಿ, ಎಣ್ಣೆಗಾಯಿ ತಂದಿದ್ದಳು.